ಓಕೆ ಒತ್ತಿದ್ದು ನಾನು

ಬೀರು ಜೋಡಿಸುವಾಗ ಚಿಕ್ಕಪ್ಪನ ಹಳೆಯ ಡಿಜಿಟಲ್ ಕ್ಯಾಮೆರಾ ಸಿಕ್ಕಿತು. ಬ್ಯಾಟರಿ ಹಾಕಿದರೆ ಅದೇ 'ಕಾರ್ಡ್ ಎರರ್'. ಫಾರ್ಮ್ಯಾಟ್ ಮಾಡಬೇಕೇ ಎಂಬ ಅದೇ ಪ್ರಶ್ನೆ.

ನಾನಿನ್ನೂ ಶಾಲೆಯಲ್ಲಿದ್ದಾಗ ಅಜ್ಜಂಪುರದ ಮನೆಯಲ್ಲಿ ಸೋದರತ್ತೆಯ ಸೀಮಂತ. ತಾತ ಹೋದಮೇಲೆ ಶುಭಕಾರ್ಯಗಳಲ್ಲಿ ಹಿಂದೆ ಸರಿಯುತ್ತಿದ್ದ ಅಜ್ಜಿಯನ್ನು ಅತ್ತೆಯೇ ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದಳು. ಆಮೇಲೆ ಕ್ಯಾಮೆರಾ ಕೈಕೊಟ್ಟಿತು. ಚಿಕ್ಕಪ್ಪ ಕಾರ್ಡನ್ನು ಪಂಚೆಯಲ್ಲಿ ಒರೆಸಿ, ಊದಿ ಹಾಕಿದ. ಕೊನೆಗೆ, "ಇಂಗ್ಲಿಷ್ ಮೀಡಿಯಂ ಓದ್ತೀಯಲ್ಲ, ಏನ್ ಕೇಳ್ತದೆ ನೋಡೇ" ಎಂದು ನನ್ನ ಕೈಗೆ ಕೊಟ್ಟ. ಫಾರ್ಮ್ಯಾಟ್ ಎಂದರೇನೆಂದು ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಓಕೆ ಒತ್ತಿದೆ. ಎಲ್ಲ ಫೋಟೋ ಅಳಿಸಿಹೋದವು.

"ಕಾರ್ಡೇ ಕೆಟ್ಟೋಗಿತ್ತು" ಎಂದೆ.

"ನಾನ್ ನಿಂತಿದ್ದೇ ತಪ್ಪಾಯ್ತು ಕಣಪ್ಪ" ಎಂದು ಅಜ್ಜಿ ಚಿಕ್ಕಪ್ಪನಿಗೆ ಹೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ಕ್ಯಾಮೆರಾವನ್ನು ಮತ್ತೆ ಬೀರುವಿಗೇ ಇಟ್ಟೆ. ಅದರ ಪಕ್ಕದಲ್ಲೇ ನನ್ನ ಮದುವೆಯ ಆಲ್ಬಮ್ ಇದೆ. ಅದರಲ್ಲಿ ಅಜ್ಜಿ ಇಲ್ಲ. ಅವತ್ತು ಎಷ್ಟು ಕರೆದರೂ ಅಡುಗೆಮನೆಯಿಂದ ಬರಲಿಲ್ಲ.