ಲಾರಿ ನಿಲ್ಲಿಸುವ ಪೊರಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆದ್ದಾರಿಯ ನಡುಗೋಡೆಯಲ್ಲಿ ದಾಟಲು ಇರುವುದು ಒಂದೇ ಒಂದು ಸಂದಿ. ಅದರ ಮುಂದೆ ರಸ್ತೆ ಗುಡಿಸುವ ಅಜ್ಜಿ ಪೊರಕೆ ಅಡ್ಡ ಹಿಡಿದು ನಿಂತಿದ್ದಾರೆ. ಜಲ್ಲಿ ತುಂಬಿದ ಲಾರಿ ಕಿರುಗುಟ್ಟಿ ನಿಲ್ಲುತ್ತದೆ.

"ಏನಜ್ಜೀ, ರಸ್ತೆ ನಿಮ್ಮಪ್ಪಂದಾ?" ಚಾಲಕ ಕಿಟಕಿಯಿಂದ ತಲೆ ಹೊರಹಾಕುತ್ತಾನೆ.

"ನಮ್ಮಪ್ಪಂದಾಗಿದ್ರೆ ನಿನ್ನ ಒಳಗೇ ಬಿಡ್ತಿರ್ಲಿಲ್ಲ. ಹುಡುಗ್ರು ದಾಟ್ಲಿ, ತಡ್ಕೋ."

ಇಪ್ಪತ್ತರಷ್ಟು ಹದಿಹರೆಯದವರು ಚೆಂಡು ಹಿಡಿದು ಆಚೆಯ ಬಯಲಿಗೆ ಓಡುತ್ತಾರೆ. ಕೊನೆಯವಳು ಅಜ್ಜಿಯ ಮೊಮ್ಮಗಳು. ಅಜ್ಜಿಗೆ ಸಂಬಳ ಗುಡಿಸುವುದಕ್ಕೆ ಮಾತ್ರ. ದಾಟಿಸಿ ಎಂದು ಯಾರೂ ಹೇಳಿಲ್ಲ. ಮಕ್ಕಳ ಬಾಯಲ್ಲಿ ಅವರು 'ಸ್ಟಾಪಜ್ಜಿ'.

ಮೂರು ವರ್ಷದ ಹಿಂದೆ ಇವರೆಲ್ಲ ಹಳೆಯ ಗಲ್ಲಿಯೊಂದರಲ್ಲಿದ್ದರು. ಅದನ್ನು ಕೆಡವಿ, ಹೆದ್ದಾರಿ ಪಕ್ಕದ ಈ ಏಳಂತಸ್ತಿನ ಕಟ್ಟಡಗಳಿಗೆ ಕಳಿಸಿದರು. ಗಲ್ಲಿಯಲ್ಲಿ ಅಂಗಡಿಗೆ, ಶಾಲೆಗೆ, ಗೆಳತಿಯ ಮನೆಗೆ ನಡೆದೇ ಹೋಗಬೇಕಿತ್ತು. ವ್ಯಾಯಾಮ ಎಂಬ ಮಾತೇ ಯಾರಿಗೂ ಬೇಕಿರಲಿಲ್ಲ. ಇಲ್ಲಿ ಶಾಲೆಯ ಬಸ್ಸು ಗೇಟಿಗೇ ಬರುತ್ತದೆ. ಅಂಗಳದ ತುಂಬ ವಾಹನಗಳು. ಮೊಗಸಾಲೆಯಲ್ಲಿ ಚೆಂಡು ಪುಟಿದರೆ ಕೆಳಮನೆಯವರ ದೂರು. ಮಕ್ಕಳು ಸೋಮಾರಿಗಳಾದರೆಂದು ಹಿರಿಯರು ಗೊಣಗುತ್ತಾರೆ. ಬದಲಾದದ್ದು ಮಕ್ಕಳಲ್ಲ, ವಿಳಾಸ.

"ಬಂದ ಹೊಸದರಲ್ಲಿ ನಮ್ಮ ಹುಡುಗಿ ಗೋಡೆಗೆ ಒರಗಿ ಕೂತ್ರೆ ಏಳ್ತಾನೇ ಇರ್ಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ನನ್ನ ವಯಸ್ಸು ಅವಳಿಗೆ ಬಂದುಬಿಟ್ಟಿತ್ತು," ಎನ್ನುತ್ತಾರೆ ಅಜ್ಜಿ, ಮೊಮ್ಮಗಳ ಬಗ್ಗೆ.

ಮಕ್ಕಳು ಬಯಲಿಗೆ ಹೋಗಿ ಆಡಲೆಂದು ಪೊರಕೆ ಲಾರಿಗೆ ಅಡ್ಡ ಬಂದದ್ದು ಆಗ.

ಎರಡು ತಿಂಗಳ ಹಿಂದೆ ರಸ್ತೆ ಇಲಾಖೆಯ ಇಬ್ಬರು ಸಂದಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ದಂಡ ಹಾಕಲು ಬಂದವರೆಂದು ಬೆದರಿದ ಅಜ್ಜಿ ಮಕ್ಕಳನ್ನು ಕಟ್ಟಡದ ಹಿಂದೆಯೇ ತಡೆದರು. "ಒಬ್ಬರು ಈಚೆ ಬಂದ್ರೂ ಕಾಲು ಮುರೀತೀನಿ" ಎಂದು ಗದರಿದರಂತೆ. ಬಂದವರಿಗೆ ಬೇಕಾಗಿದ್ದದ್ದು ದಾಟುವವರ ಲೆಕ್ಕ. ಸಾಕಷ್ಟು ಜನ ಕಂಡಿದ್ದರೆ ಅಲ್ಲಿ ಸಿಗ್ನಲ್ ದೀಪ ಬರುತ್ತಿತ್ತು. ಮೂರು ಬೆಳಗು ಕಾದರೂ ದಾಟಿದ್ದು ಒಂದು ನಾಯಿ. ಅಜ್ಜಿಯ ಕಾವಲಿನಿಂದಾಗಿ ಅಲ್ಲಿ ಅಪಘಾತವೂ ಆಗಿರಲಿಲ್ಲ. ದಾಟುವವರೇ ಇಲ್ಲದ ಮೇಲೆ ಸಂದಿ ಬೇಡವೆಂದು ಇಲಾಖೆ ತೀರ್ಮಾನಿಸಿತು. ಬರುವ ಸೋಮವಾರ ಅದಕ್ಕೆ ಅಡ್ಡಲಾಗಿ ಕಬ್ಬಿಣದ ಬೇಲಿ ಬರುತ್ತದೆ. ಮೇಲ್ಸೇತುವೆ ಇರುವುದು ಎರಡು ಕಿಲೋಮೀಟರ್ ಆಚೆ.

ಅಜ್ಜಿ ಕಚೇರಿಗೆ ಹೋಗಿ ನಡೆದದ್ದನ್ನು ಒಪ್ಪಿಕೊಂಡರು. ಮರು ಎಣಿಕೆ ಐದು ವರ್ಷದ ನಂತರವಂತೆ.

"ನಿನ್ನ ತಪ್ಪೇನಿಲ್ಲ ಬಿಡಜ್ಜಿ," ಎನ್ನುತ್ತಾಳೆ ಬಯಲಿನಿಂದ ಬಂದ ಮೊಮ್ಮಗಳು, ಬೆವರು ಒರೆಸಿಕೊಳ್ಳುತ್ತ.

"ಮತ್ಯಾರದ್ದೇ? ಬಚ್ಚಿಟ್ಟವಳು ನಾನೇ ಅಲ್ವಾ?"

ಅಜ್ಜಿಯ ಆಸೆ ದೊಡ್ಡದೇನಲ್ಲ. "ಐದು ವರ್ಷ ನಾನಿದ್ರೆ, ಎಣಿಸೋಕೆ ಬರೋರಿಗೆ ನಾನೇ ಕುರ್ಚಿ ಒರೆಸಿ ಕೂರಿಸ್ತೀನಿ. ಇರೋ ಅಷ್ಟೂ ಮಕ್ಕಳನ್ನ ಬೇಲಿ ಪಕ್ಕ ಸಾಲಾಗಿ ನಿಲ್ಲಿಸಿ, ಎಣಿಸ್ಕೊಳ್ರಪ್ಪಾ ಅಂತೀನಿ."

ಬಯಲಿನತ್ತ ನೋಡುತ್ತ ಅಜ್ಜಿ ಮೆಲ್ಲನೆ ಕೇಳುತ್ತಾರೆ: "ಅಷ್ಟು ಹೊತ್ತಿಗೆ ಇವ್ರಿಗೆ ಓಡೋದು ನೆನಪಿರುತ್ತಾ?"