ದೊಡ್ಡವರ ಆಟದ ಕಿವಿ

ಲೀಲಾ ಮಿಸ್ ಮಕ್ಕಳ ವಯಸ್ಸನ್ನು ಕಿವಿಯಿಂದ ಅಳೆಯುತ್ತಿದ್ದರು. ಬೇಸ್‌ಬಾಲ್ ಕಲಿಸಿ ಎಂದು ಯಾರಾದರೂ ಮಗುವನ್ನು ಕರೆತಂದರೆ, ಆಧಾರ್ ಕಾರ್ಡಿನತ್ತ ತಿರುಗಿಯೂ ನೋಡದೆ, "ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು" ಎನ್ನುವರು. ಮುಟ್ಟಿದರೆ ಆಟಕ್ಕೆ, ಇಲ್ಲದಿದ್ದರೆ ಮನೆಗೆ. ಹಿಂದೆ ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಡ್‌ಮೇಷ್ಟ್ರುಗಳು ಮಾಡುತ್ತಿದ್ದ ಪರೀಕ್ಷೆ ಅದು. ಈ ಕಾಲದಲ್ಲೂ ಅದನ್ನು ಬಿಡದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಜಾಲಹಳ್ಳಿಯ ಕಾರ್ಖಾನೆ ಕಾಲೊನಿಯ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದ ಮೇಲೆ, ಭಾನುವಾರ ಬೆಳಿಗ್ಗೆ ಕಾಲೊನಿಯ ಮೈದಾನದಲ್ಲಿ ಅವರು ಮಕ್ಕಳನ್ನು ಆಡಿಸುತ್ತಿದ್ದರು. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಕೊರಳಲ್ಲಿ ಎಂದೂ ಊದದ ಸೀಟಿ. ಯಾಕೆ ಊದುವುದಿಲ್ಲ ಎಂದು ಕೇಳಿದರೆ, "ನನ್ ಗಂಟಲು ಸಾಲ್ದೇನ್ರೀ?" ಎನ್ನುತ್ತಿದ್ದರು. ಧಾರಾಳವಾಗಿ ಸಾಲುತ್ತಿತ್ತು. "ಬ್ಯಾಟ್ ಬಿಸಾಕೋ!" ಎಂದು ಅವರು ಕೂಗಿದರೆ ರಸ್ತೆಯಲ್ಲಿ ಹೋಗುವವರೂ ಕೈಯಲ್ಲಿದ್ದುದನ್ನು ಒಮ್ಮೆ ನೋಡಿಕೊಳ್ಳುತ್ತಿದ್ದರು. ಕೂಗದೆ ವಿಧಿಯಿರಲಿಲ್ಲ. ಬೇಸ್‌ಬಾಲಿನಲ್ಲಿ ಚೆಂಡು ಹೊಡೆದ ಮೇಲೆ ಬ್ಯಾಟು ಬಿಟ್ಟು ಓಡಬೇಕು. ಗಲ್ಲಿ ಕ್ರಿಕೆಟ್ಟಿನಲ್ಲಿ ಬೆಳೆದ ನಮ್ಮ ಮಕ್ಕಳು ಬ್ಯಾಟನ್ನು ಎದೆಗವಚಿಕೊಂಡೇ ಓಡುತ್ತಿದ್ದವು.

ನನ್ನ ಮಗಳು ಸಿಂಚನಾಳಿಗೆ ಆಗ ಒಂಬತ್ತು ವರ್ಷ. ಚಿಕ್ಕವರ ಗುಂಪಿನಲ್ಲಿ ಅವಳ ಹೊಡೆತ ಹಿಡಿಯುವವರೇ ಇರಲಿಲ್ಲ. ಚೆಂಡು ಹುಡುಕಿ ಹುಡುಕಿ ಉಳಿದ ಮಕ್ಕಳಿಗೆ ಸಾಕಾಗುತ್ತಿತ್ತು, ಕಾದು ನಿಂತು ಇವಳಿಗೆ ಬೇಜಾರಾಗುತ್ತಿತ್ತು. "ಅಪ್ಪ, ನಾನಿನ್ನು ಬರಲ್ಲ" ಎಂದು ಒಂದು ದಿನ ಅಂದೇಬಿಟ್ಟಳು. ಪೀಣ್ಯದ ನನ್ನ ಕಾರ್ಖಾನೆಯಲ್ಲಿ ಚೆನ್ನಾಗಿ ಕೆಲಸ ಬಲ್ಲವನನ್ನು ಚಿಕ್ಕ ಮೆಶಿನ್ನಿನ ಮೇಲೆ ಕೂರಿಸಿ ಕೊಳೆಸುವುದನ್ನು ನೋಡಿದ್ದೇನೆ. ಹಾಗಾಗಬಾರದು ಎಂದು ಮಿಸ್ ಹತ್ತಿರ ಹೋದೆ.

"ಅವಳನ್ನ ದೊಡ್ಡೋರ ಜೊತೆ ಹಾಕಿ ಮಿಸ್."

"ಕೈ ಸರಿಯಾಗೇ ಇದೆ. ಕಿವಿ ಇನ್ನೂ ಆಗಿಲ್ಲ ಕಣ್ರೀ."

"ಕಿವಿ ಯಾವಾಗ್ಲೋ ಮುಟ್ಟಿದಾಳಲ್ಲ!"

"ಅದು ಸ್ಕೂಲಿಗೆ ಸೇರೋ ಕಿವಿ. ದೊಡ್ಡೋರು ಬೈತಾರೆ, ಆಡ್ಕೊಂಡ್ ನಗ್ತಾರೆ. ಅದನ್ನ ಕೇಳಿಸ್ಕೊಂಡೂ ಮುಂದಿನ ವಾರ ಗ್ರೌಂಡಿಗೆ ಬರೋ ಕಿವಿ ಬೇರೆ."

ನನಗೆ ಇದು ಬರಿಯ ಮಾತಿನ ಚಮತ್ಕಾರ ಅನ್ನಿಸಿತು. ಪಟ್ಟು ಬಿಡಲಿಲ್ಲ. "ಸರಿ, ನೋಡೇಬಿಡೋಣ" ಎಂದರು ಮಿಸ್.

ದೊಡ್ಡವರೆಂದರೆ ಹದಿಮೂರು, ಹದಿನಾಲ್ಕರ ಹುಡುಗ ಹುಡುಗಿಯರು. ಅವರ ಕ್ಯಾಪ್ಟನ್ ನಗ್ಮಾ. ಸಿಂಚನಾ ಬ್ಯಾಟು ಹಿಡಿದ ಕೂಡಲೇ "ಪಾಪ, ಪುಟ್ಟಿ ಕಣೋ, ಮೆಲ್ಲಗ್ ಹಾಕು" ಎಂಬ ಸಲಹೆಗಳು ಶುರುವಾದವು. ಔಟಾದರೂ ಔಟ್ ಕೊಡಲಿಲ್ಲ. ಗಲ್ಲಿಯಲ್ಲಿ ಎರಡೂ ಕಡೆ ಆಡುವವರಿಗೆ 'ಕಾಮನ್' ಎನ್ನುತ್ತಾರೆ. ಅವರಿಗೆ ಗೆಲುವೂ ಇಲ್ಲ, ಸೋಲೂ ಇಲ್ಲ. ಇವಳನ್ನೂ ಕಾಮನ್ ಮಾಡಿಬಿಟ್ಟಿದ್ದರು. ಮಿಸ್ ಆಟ ನಿಲ್ಲಿಸಿದರು.

"ನನ್ ಗ್ರೌಂಡಲ್ಲಿ ಕಾಮನ್ನು ಗೀಮನ್ನು ಇಲ್ಲ. ಜೋರಾಗ್ ಹಾಕೋ!"

ಜೋರಾಗಿಯೇ ಬಂತು ಚೆಂಡು. ಸಿಂಚನಾ ಅದನ್ನು ಎಲ್ಲರ ತಲೆಯ ಮೇಲಿಂದ ಹಾರಿಹೋಗುವಂತೆ ಹೊಡೆದಳು. ಹೊಡೆದ ಖುಷಿಯಲ್ಲಿ ಎಲ್ಲವನ್ನೂ ಮರೆತು ಬ್ಯಾಟಿನ ಸಮೇತ ಓಡಿದಳು. ಕಾಲಲ್ಲಿ ಮುಟ್ಟಬೇಕಾದ ಬೇಸ್ ಹತ್ತಿರ ಬಂದಾಗ ಬ್ಯಾಟು ಚಾಚಿ ನೆಲಕ್ಕೆ ತಾಗಿಸಿದಳು, ಥೇಟ್ ರನ್ ಔಟ್ ತಪ್ಪಿಸಿಕೊಳ್ಳುವವಳ ಹಾಗೆ. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. "ಏನೇ, ಬ್ಯಾಟ್ ಮನೇಗ್ ತಗೊಂಡ್ ಹೋಗ್ತೀಯಾ?" ಎಂದಳು ನಗ್ಮಾ. ಸಿಂಚನಾ ಬ್ಯಾಟನ್ನು ಅಲ್ಲೇ ಹಾಕಿ ನೇರವಾಗಿ ನನ್ನ ಸ್ಕೂಟರಿನ ಹತ್ತಿರ ಬಂದು ನಿಂತಳು. ಮುಂದಿನ ಭಾನುವಾರ ಹಾಸಿಗೆಯಿಂದ ಏಳಲಿಲ್ಲ. ಅದರ ಮುಂದಿನ ವಾರವೂ ಅಷ್ಟೇ.

ಆಗ ಮಿಸ್ ನಮ್ಮ ಮನೆಗೆ ಬಂದರು. ಬುದ್ಧಿವಾದ ಹೇಳುತ್ತಾರೆ ಎಂದುಕೊಂಡಿದ್ದೆ. ಉಪ್ಪಿಟ್ಟು ತಿಂದು, ಇನ್ನೊಂದು ಸ್ವಲ್ಪ ಹಾಕಿಸಿಕೊಂಡು, ಮಗಳಿಗೆ ಇಷ್ಟೇ ಹೇಳಿದರು: "ನನ್ ಗಂಟಲು ಕೆಟ್ಟೋಗಿದೆ ಕಣೆ. ಚಿಕ್ಕೋರಿಗೆ ಬ್ಯಾಟ್ ಬಿಸಾಕು ಅಂತ ಕೂಗೋರೇ ಇಲ್ಲ. ನೀನ್ ಬಂದ್ ಕೂಗ್ತೀಯಾ?"

ಮುದುಕಿ ಒಳ್ಳೆ ಉಪಾಯ ಹೂಡಿದ್ದಾರೆ ಎಂದು ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಸಿಂಚನಾ ಹೋದಳು. ಒಂದು ವರ್ಷ ಚಿಕ್ಕವರ ನಡುವೆ ಆಡುತ್ತಾ, ಅವರಿಗೆ ಕೂಗುತ್ತಾ ಕಳೆದಳು. ಅವಳ ಒಂದು ವರ್ಷ ದಂಡವಾಯಿತು ಎಂದು ನಾನು ಆಗ ಅಂದಿದ್ದೆ. ಈಗಲೂ ಆ ಮಾತನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡಿಲ್ಲ. ಗಂಟಲಿನ ಮಾತು ಮಾತ್ರ ಉಪಾಯವಾಗಿರಲಿಲ್ಲ. ನಿಜವಾಗಿಯೂ ಗಂಟಲಿನ ಕಾಯಿಲೆ. ಮೊದಲು ಕೂಗು ಹೋಯಿತು, ಆಮೇಲೆ ಮಾತೂ ಹೋಯಿತು.

ಕೊನೆಯ ಸಲ ಅವರನ್ನು ನೋಡಲು ಸಿಂಚನಾಳನ್ನು ಕರೆದುಕೊಂಡು ಹೋಗಿದ್ದು ಒಂದು ಭಾನುವಾರ ಮಧ್ಯಾಹ್ನ, ಮೈದಾನದಿಂದ ನೇರವಾಗಿ. ಅದಾದ ಒಂದು ವಾರಕ್ಕೆ ಅವರು ತೀರಿಕೊಂಡರು. ನಾವು ನೋಡಲು ಹೋದ ದಿನ ಬೆಳಿಗ್ಗೆ ಸಿಂಚನಾ ತಾನಾಗಿಯೇ ಮತ್ತೆ ದೊಡ್ಡವರ ಜೊತೆ ಆಡಿದ್ದಳು. ಮೊಣಕಾಲಿನ ಮಣ್ಣು ಹಾಗೇ ಇತ್ತು. ಮಂಚಕ್ಕೆ ಒರಗಿ ಕೂತಿದ್ದ ಮಿಸ್ ಆ ಮಣ್ಣು ನೋಡಿ, ಹುಬ್ಬೇರಿಸಿ, ತಮ್ಮ ಕಿವಿಯನ್ನು ಬೆರಳಿನಿಂದ ತಟ್ಟಿದರು.

"ಬೈದ್ರು ಮಿಸ್, ಚೆನ್ನಾಗ್ ಬೈದ್ರು" ಎಂದಳು ಸಿಂಚನಾ. "ಕ್ಯಾಚ್ ಬಿಟ್ಟೆ. ಕಣ್ ಎಲ್ಲಿಟ್ಟಿದ್ಯೇ ಅಂತ ನಗ್ಮಕ್ಕ ಕೂಗಿದ್ಲು. ಮುಂದಿನ ವಾರಾನೂ ಹೋಗ್ತೀನಿ."

ಮಿಸ್ ನಕ್ಕರು. ನಗುತ್ತಲೇ ಬಲಗೈ ಎತ್ತಿ ತಲೆಯ ಮೇಲಿಂದ ತಂದರು. ಅದು ನಡುನೆತ್ತಿಯ ಹತ್ತಿರವೇ ನಿಂತುಬಿಟ್ಟಿತು, ಮುಂದೆ ಹೋಗಲಿಲ್ಲ. ಸಿಂಚನಾ ಮಂಚದ ಮೇಲೆ ಹತ್ತಿ, ಅವರ ಬೆರಳುಗಳನ್ನು ಹಿಡಿದು, ಎಡಗಿವಿಗೆ ಮುಟ್ಟಿಸಿದಳು.