ಮಂಟಪ ಮುಳುಗುವ ತನಕ

ಬೆಳ್ಳಪ್ಪ ಒಂದು ಲೋಟ ಚಹಾವನ್ನು ಕೂತು ಪೂರ್ತಿ ಕುಡಿದದ್ದನ್ನು ಪಕ್ಕದ ಮನೆಯವನಾದ ನಾನು ಈವರೆಗೆ ಕಂಡಿಲ್ಲ. ಅರ್ಧ ಕುಡಿದು ಬಾಗಿಲಿಗೆ ಬರುತ್ತಾನೆ, ಆಗುಂಬೆ ಕಡೆಯ ಆಕಾಶ ನೋಡುತ್ತಾನೆ, ಒಳಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಲಗೇಜ್ ಆಟೋ ಓಡಿಸುವವನು. ಚಳಿಗಾಲದಲ್ಲಿ ಮಂಜು ಕರಗುವ ತನಕ ಗಾಡಿ ತೆಗೆಯಲಾಗದೆ ಚಡಪಡಿಸುತ್ತಾನೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಬಡವಾದ ತುಂಗೆಯನ್ನು ಕಂಡು ಚಡಪಡಿಸುತ್ತಾನೆ. ಮಳೆಗಾಲದ ಮಾತಂತೂ ಕೇಳುವುದೇ ಬೇಡ.

ತೀರ್ಥಹಳ್ಳಿ ಇರುವುದೇ ಹಾಗೆ. ಸುತ್ತ ಗುಡ್ಡ, ನಡುವೆ ಬಾಣಲೆಯ ತಳದಂತೆ ಪೇಟೆ, ಅದಕ್ಕೆ ತಾಗಿ ಹೊಳೆ. ನಮ್ಮ ತಲೆ ಮೇಲೆ ಬಿಸಿಲಿದ್ದರೂ ಘಟ್ಟದಲ್ಲಿ ಸುರಿದ ನೀರು ಕೆಂಪಾಗಿ ಬಂದುಬಿಡುತ್ತದೆ. ಅದಕ್ಕೇ ನಾವು ಕೆಳಕೇರಿಯವರು ಆಕಾಶವನ್ನು ನಂಬುವುದಿಲ್ಲ, ಹೊಳೆ ನಡುವಿನ ರಾಮಮಂಟಪವನ್ನು ನಂಬುತ್ತೇವೆ. ಅದು ಮುಳುಗಿದರೆ ಗಂಟುಮೂಟೆ ಕಟ್ಟುವುದು, ಮುಳುಗದಿದ್ದರೆ ಸುಮ್ಮನಿರುವುದು. ಅಜ್ಜಂದಿರ ಕಾಲದಿಂದ ಇದೇ ರೂಢಿ. ಒಂದು ವರ್ಷ ಬೆಳ್ಳಪ್ಪ ತಡೆಯಲಾರದೆ, ಮಂಟಪ ಮುಳುಗುವ ಮೊದಲೇ ಮಂಚ, ಗ್ಯಾಸ್ ಒಲೆ ಎಲ್ಲ ಗಾಡಿಗೆ ಹೇರಿಕೊಂಡು ಗುಡ್ಡದ ಮೇಲಿನ ತಂಗಿ ಮನೆಗೆ ಹೋದ. ಮರುದಿನ ಹೊಳೆ ಇಳಿಯಿತು. ಆಮೇಲೆ ಮೋಡ ಕಂಡಾಗಲೆಲ್ಲ ಕೇರಿಗೆ ಕೇರಿಯೇ, "ಬೆಳ್ಳಪ್ಪ, ಮಂಚ ಹೇರಿದ್ಯಾ?" ಎಂದು ಕೇಳತೊಡಗಿತು.

ಈ ಸಲ ಜುಲೈನಲ್ಲಿ ಅವನ ಹೆಂಡತಿ ಮಾಸ್ತಮ್ಮ ಅಂಗಳದ ಹಾವಸೆಯಲ್ಲಿ ಜಾರಿ ಕಾಲು ಮುರಿದುಕೊಂಡಳು. ತೊಡೆಯವರೆಗೆ ಪ್ಲಾಸ್ಟರು. ಹೊಳೆ ಏರಿದರೆ ಅವಳನ್ನು ಎತ್ತಿಕೊಂಡೇ ಸಾಗಿಸಬೇಕು. ಪುಷ್ಯ ಮಳೆ ಹಿಡಿದದ್ದೇ ತಡ, ಬೆಳ್ಳಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೇತುವೆಗೆ ಓಡಿ ಮಂಟಪ ನೋಡುವುದು, ಮನೆಗೆ ಓಡಿ ಹೆಂಡತಿಯನ್ನು ನೋಡುವುದು.

"ತಂಗಿ ಮನೇಲಿ ಬಿಟ್ಟು ಬರ್ತೀನಿ, ಬಾ ಮಾರಾಯ್ತಿ" ಎಂದ ಒಂದು ಬೆಳಿಗ್ಗೆ.

"ಮತ್ತೆ ಮಂಚ ಹೇರ್ತೀರಾ? ಮಂಟಪ ಮುಳುಗ್ಲಿ, ಬರ್ತೀನಿ. ಕೇರಿಯೋರ ನಗು ನಂಗೆ ಸಾಕಾಗಿದೆ" ಎಂದಳು ಮಾಸ್ತಮ್ಮ.

ಅವನೂ ನಗುವಿಗೆ ಹೆದರಿದವನೇ. ಒತ್ತಾಯಿಸಲಿಲ್ಲ.

ಆ ಮಧ್ಯಾಹ್ನ ಸೇತುವೆ ಮೇಲೆ ಅರ್ಧ ಊರು ನಿಂತಿತ್ತು. ಬೆಳ್ಳಪ್ಪನ ಪಕ್ಕದಲ್ಲಿ ನಾನು. ಮಂಟಪದ ಕಂಬಗಳು ಮುಳುಗಿ ಚಾವಣಿ ಮಾತ್ರ ಉಳಿದಿತ್ತು.

"ಇನ್ನೂ ಕಾಣ್ತಿದೆ ಅಲ್ವಾ?" ಎಂದು ಅವನು ಕೇಳುತ್ತಲೇ ಇದ್ದ. "ಕಾಣ್ತಿದೆ ಮಾರಾಯ, ಸುಮ್ನಿರು" ಎಂದು ನಾನು ಗದರಿದೆ.

ಎಲ್ಲರ ಕಣ್ಣೂ ಅಲ್ಲೇ. ಊರ ಹಿಂದಿನಿಂದ ಬಂದು ತುಂಗೆಗೆ ಸೇರುವ ಕುಶಾವತಿ ಹಳ್ಳವನ್ನು ಯಾರೂ ನೆನೆಯಲಿಲ್ಲ. ತುಂಬಿದ ಹೊಳೆ ಅದನ್ನು ಒಳಗೆ ಬಿಟ್ಟುಕೊಳ್ಳದೆ ವಾಪಸು ತಳ್ಳುತ್ತಿತ್ತು. ನಮ್ಮ ಕೇರಿಯ ಹಿತ್ತಿಲುಗಳಿರುವುದು ಆ ಹಳ್ಳದ ಕಡೆಗೆ.

ಬೆಳ್ಳಪ್ಪನ ಫೋನ್ ಹೊಡೆದುಕೊಂಡಿತು. ಮಾಸ್ತಮ್ಮನ ದನಿ ನನಗೂ ಕೇಳಿಸಿತು: "ಹಿತ್ತಿಲ ಬಾಗ್ಲಿಂದ ನೀರು ಬರ್ತಿದೆ!"

"ಮಂಟಪ ಇನ್ನೂ ಮುಳುಗಿಲ್ಲ ಕಣೇ!" ಎಂದ ಈ ಪುಣ್ಯಾತ್ಮ.

"ನಿಮ್ಮ ಮಂಟಪ ಹಾಳಾಗ್ಲಿ! ಮಂಚದ ಕೆಳಗೆ ನೀರು!"

ಕೊಡೆ ಅಲ್ಲೇ ಬಿತ್ತು. ಅವನ ಹಿಂದೆ ನಾನೂ ಓಡಿದೆ. ಕೇರಿ ತಲುಪಿದಾಗ ನೀರು ಸೊಂಟ ಮುಟ್ಟಿತ್ತು, ಅವನ ಗಾಡಿ ಅರ್ಧ ಮುಳುಗಿತ್ತು. ಮಾಸ್ತಮ್ಮ ಮಂಚದ ಮೇಲೆ ನೀರಿನಲ್ಲೇ ಕೂತು, ಕಿಟಕಿ ಸರಳು ಹಿಡಿದುಕೊಂಡು ಅಳುತ್ತಿದ್ದಳು. ಬೆಳ್ಳಪ್ಪ ಅವಳನ್ನು ಎತ್ತಿಕೊಂಡ, ನಾನು ಕಾಲು ಹಿಡಿದೆ. ಗುಡ್ಡ ಹತ್ತುವಾಗ ದಾರಿ ತುಂಬ ನಮ್ಮ ಕೇರಿಯವರೇ, ತಲೆ ಮೇಲೆ ಮಂಚ, ಪಾತ್ರೆ, ಹಾಸಿಗೆ. ಯಾರೂ ನಗಲಿಲ್ಲ.

ತಂಗಿ ಮನೆಯ ಜಗಲಿಯಲ್ಲಿ ಚಹಾ ಕೊಟ್ಟರು. ಅಲ್ಲಿಂದ ಹೊಳೆ ಕಾಣುತ್ತದೆ. ಮಂಟಪದ ಚಾವಣಿ ಇನ್ನೂ ಮೇಲೇ ಇತ್ತು. ಬೆಳ್ಳಪ್ಪ ಅರ್ಧ ಕುಡಿದ ಲೋಟ ಇಟ್ಟು, ಮಂಟಪ ನೋಡಲು ಎದ್ದ.

ಮಾಸ್ತಮ್ಮ ಅವನ ಒದ್ದೆ ಅಂಗಿಯ ತುದಿ ಹಿಡಿದೆಳೆದಳು.

"ನೀವು ಅಲ್ಲಿ ಮಂಟಪ ನೋಡ್ತಿದ್ರಿ. ನಾನು ಮನೇಲಿ ನಿಮ್ಮ ದಾರಿ ನೋಡ್ತಿದ್ದೆ. ಕೂತ್ಕಳಿ."

ಅವನು ಕೂತ.